‘ನಮ್ಮ ಕಲ್ಚರ್‌ಗೆ ಹೊಂದಲ್ಲ’ ಅಂತ ಬರೆಯುವ ಮುನ್ನ: ಕೆಲಸಕ್ಕೆ ಜನರನ್ನು ಆರಿಸುವವರಿಗೆ ಒಂದು ಬಹಿರಂಗ ಪತ್ರ

ಸಂಸ್ಥೆಗಳ ಮಾಲೀಕರೇ, ಎಚ್‌ಆರ್ ಮುಖ್ಯಸ್ಥರೇ, ಇಂಟರ್‌ವ್ಯೂ ಪ್ಯಾನೆಲ್‌ಗಳಲ್ಲಿ ಕೂರುವ ಮ್ಯಾನೇಜರ್‌ಗಳೇ,

ನಮಸ್ಕಾರ.

ಇಂಟರ್‌ವ್ಯೂ ಮುಗಿದ ಮೇಲೆ ನೀವು ತುಂಬುವ ಫಾರ್ಮ್ ಬಗ್ಗೆ ಸ್ವಲ್ಪ ಮಾತಾಡಬೇಕಿತ್ತು. ಅದರಲ್ಲಿ ಕೆಲಸದ ತಿಳಿವಳಿಕೆಗೆ ಒಂದು ಕಾಲಂ ಇರುತ್ತದೆ. ಅನುಭವಕ್ಕೆ ಒಂದು, ಮಾತಾಡುವ ರೀತಿಗೆ ಒಂದು. ಅಲ್ಲೆಲ್ಲ ಅಂಕ ಕೊಡಬೇಕು, ಯಾಕೆ ಕೊಟ್ಟಿರಿ ಅಂತಲೂ ಬರೆಯಬೇಕು. ಕೊನೆಯಲ್ಲಿ ‘ಕಲ್ಚರ್ ಫಿಟ್’ ಅಂತ ಇನ್ನೊಂದು ಕಾಲಂ, ಅಂದರೆ ಸಂಸ್ಥೆಯ ರೀತಿನೀತಿಗೆ ಇವರು ಹೊಂದುತ್ತಾರಾ ಅಂತ. ಅಲ್ಲಿ ಮಾತ್ರ ‘ಇಲ್ಲ’ ಅಂತ ಗೀಚಿದರೆ ಮುಗಿಯಿತು, ಕಾರಣ ಕೇಳುವವರೇ ಇಲ್ಲ. ಉಳಿದೆಲ್ಲದರಲ್ಲಿ ಪಾಸಾದವರೂ ಆ ಒಂದು ಪದಕ್ಕೆ ಮನೆಗೆ ಹೋಗುತ್ತಾರೆ.

ನಾನು ಆ ಮೇಜಿನ ಎರಡೂ ಕಡೆ ಕೂತಿದ್ದೇನೆ. ಕೆಲಸ ಕೇಳಿಕೊಂಡು ಹೋಗಿದ್ದೇನೆ, ಟೀಮಿಗೆ ಜನ ಬೇಕಾದಾಗ ಪ್ಯಾನೆಲ್‌ನಲ್ಲೂ ಕೂತಿದ್ದೇನೆ. ಆ ಕಾಲಂ ತೆಗೆದುಹಾಕಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಅದಕ್ಕೆ ಈಗ ಕೊಡುತ್ತಿರುವುದಕ್ಕಿಂತ ಜಾಸ್ತಿ ಬೆಲೆ ಕೊಡಿ ಅಂತಲೇ ಕೇಳುತ್ತಿದ್ದೇನೆ. ಆದರೆ ಬಂದವರು ನಿಮ್ಮ ಕಲ್ಚರ್‌ಗೆ ಹೊಂದುತ್ತಾರಾ ಅಂತ ನೋಡುವ ಮೊದಲು ನಿಮ್ಮ ಕಲ್ಚರ್ ಏನು ಅಂತ ನಿಜ ಹೇಳಿ. ನನ್ನ ಬೇಡಿಕೆ ಇಷ್ಟೇ. ಉಳಿದದ್ದೆಲ್ಲ ಅದರ ವಿವರಣೆ.

ಮೊದಲು ನಾವು ಒಪ್ಪುವ ವಿಷಯ. ಬರೀ ಕೈಚಳಕ ನೋಡಿ ಜನರನ್ನು ತಂದುಕೊಂಡರೆ ಏನಾಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. 2015ರಲ್ಲಿ ಮೈಕಲ್ ಹೌಸ್‌ಮನ್ ಮತ್ತು ಡಿಲನ್ ಮೈನರ್ ಅನ್ನುವ ಇಬ್ಬರು ಸಂಶೋಧಕರು 11 ಕಂಪನಿಗಳ 50 ಸಾವಿರಕ್ಕೂ ಜಾಸ್ತಿ ನೌಕರರ ದಾಖಲೆ ಜಾಲಾಡಿದರು. ಕಿರುಕುಳ, ಹಿಂಸೆ, ಸುಳ್ಳು ದಾಖಲೆ, ಮೋಸ, ಇಂಥ ಕಾರಣಕ್ಕೆ ಕೆಲಸ ಕಳೆದುಕೊಂಡವರು ಯಾರು ಅಂತ ನೋಡಿದರು. ಅಂಥ ಒಬ್ಬರನ್ನು ಒಳಗೆ ಬಿಟ್ಟುಕೊಳ್ಳದೆ ಇದ್ದರೆ ಕಂಪನಿಗೆ ಸುಮಾರು 12,500 ಡಾಲರ್ ಉಳಿಯುತ್ತದೆ ಅಂತ ಲೆಕ್ಕ ಬಂತು. ನೂರರಲ್ಲಿ ಒಬ್ಬರು ಅನ್ನಬಹುದಾದಂಥ ಅಪ್ಪಟ ಪ್ರತಿಭಾವಂತರನ್ನು ಹುಡುಕಿ ತಂದರೆ ಬರುವ ಲಾಭ ಸುಮಾರು 5,300 ಡಾಲರ್. ಅಂದರೆ ಒಬ್ಬ ಸ್ಟಾರ್‌ನನ್ನು ಹಿಡಿಯುವುದಕ್ಕಿಂತ ಒಬ್ಬ ಕಿರುಕುಳದ ಆಸಾಮಿಯನ್ನು ಬಾಗಿಲಲ್ಲೇ ತಡೆಯುವುದು ಎರಡು ಪಟ್ಟಿಗಿಂತ ಜಾಸ್ತಿ ಲಾಭ.

ಅದೇ ಅಧ್ಯಯನದಲ್ಲಿ ಇನ್ನೂ ಎರಡು ವಿಷಯ ಇವೆ. ಅವನ್ನು ಓದಿದಾಗ ನನಗೆ ನಗುವೂ ಬಂತು, ಭಯವೂ ಆಯಿತು. ಒಂದು, ಇಂಥವರು ಕೆಲಸದಲ್ಲಿ ಉಳಿದವರಿಗಿಂತ ಚುರುಕು. ಅದಕ್ಕೇ ಅವರನ್ನು ನಾವು ಕಣ್ಣುಮುಚ್ಚಿ ಆರಿಸುತ್ತೇವೆ, ಆಮೇಲೆ ವರ್ಷಗಟ್ಟಲೆ ಸಹಿಸಿಕೊಳ್ಳುತ್ತೇವೆ. ಎರಡನೆಯದು, ಕೆಲಸಕ್ಕೆ ಸೇರುವ ಮುಂಚಿನ ಪರೀಕ್ಷೆಯಲ್ಲಿ ‘ನಿಯಮ ಯಾವತ್ತೂ ಪಾಲಿಸಲೇಬೇಕು’ ಅಂತ ಗಟ್ಟಿಯಾಗಿ ಹೇಳಿದವರೇ ಮುಂದೆ ನಿಯಮ ಮುರಿದು ಸಿಕ್ಕಿಬೀಳುವುದು ಜಾಸ್ತಿ. ಸುಮ್ನೆ ಕೇಳಿದರೆ ಸುಮ್ನೆ ಉತ್ತರ ಬರುತ್ತದೆ. ‘ನೀವು ಟೀಮ್ ಪ್ಲೇಯರ್ ಹೌದಾ?’ ಅನ್ನುವ ಪ್ರಶ್ನೆಗೆ ಇವತ್ತಿನವರೆಗೂ ಯಾರಾದರೂ ‘ಅಲ್ಲ ಸರ್’ ಅಂದಿದ್ದಾರಾ?

ಹಾಗಾಗಿ ಕಲ್ಚರ್ ಮುಖ್ಯ ಅನ್ನುವುದರಲ್ಲಿ ಜಗಳವಿಲ್ಲ. ಜಗಳ ಇರುವುದು ಪರೀಕ್ಷೆಗೆ ಕೂರಬೇಕಾದವರು ಯಾರು ಅನ್ನುವುದರಲ್ಲಿ. ಇಡೀ ಭಾರವನ್ನು ನೀವು ಬಂದವರ ಮೇಲೆ ಹಾಕುತ್ತೀರಿ. ಹೊಂದಿಕೊಂಡರೆ ಅವರು ಒಳ್ಳೆಯವರು, ಇಲ್ಲದಿದ್ದರೆ ಅವರಲ್ಲೇ ಏನೋ ಕೊರತೆ. ಅಮೆರಿಕದ ಒಂದು ಕಾರು ಕಾರ್ಖಾನೆಯ ಕಥೆ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ನಿಮ್ಮಲ್ಲಿ ಕೆಲವರು ಕೇಳಿರಬಹುದು. ಆದರೂ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ಗೆ ಒಂದು ಕಾರ್ಖಾನೆ ಇತ್ತು. ಆ ಕಂಪನಿಯ ಅತಿ ಕೆಟ್ಟ ಕಾರ್ಖಾನೆಗಳಲ್ಲಿ ಒಂದು ಅನ್ನುವ ಹೆಸರು ಅದಕ್ಕೆ. ಐದು ಜನರಲ್ಲಿ ಒಬ್ಬರು ಕೆಲಸಕ್ಕೆ ಬರದ ದಿನಗಳು ಮಾಮೂಲು. ಬಂದವರಲ್ಲಿ ಕೆಲವರು ಕುಡಿಯುತ್ತಿದ್ದರು. ಮ್ಯಾನೇಜರ್‌ಗಳ ಮೇಲಿನ ಸಿಟ್ಟಿಗೆ ಕಾರುಗಳನ್ನು ಬೇಕಂತಲೇ ಹಾಳು ಮಾಡುವುದೂ ಇತ್ತು. ಯೂನಿಯನ್ ಸಲ್ಲಿಸಿದ ದೂರುಗಳು ಸಾವಿರಗಟ್ಟಲೆ ಬಿದ್ದಿದ್ದವು. 1982ರಲ್ಲಿ ಕಂಪನಿ ಅದಕ್ಕೆ ಬೀಗ ಹಾಕಿತು. ‘ಈ ಜನರೇ ಸರಿ ಇಲ್ಲ’ ಅನ್ನುವುದು ಆಗ ಎಲ್ಲರೂ ಒಪ್ಪಿದ್ದ ತೀರ್ಮಾನ.

ಎರಡು ವರ್ಷ ಕಳೆದು, 1984ರಲ್ಲಿ ಅದೇ ಕಟ್ಟಡ ಮತ್ತೆ ತೆರೆಯಿತು. ಈ ಸಲ ಜನರಲ್ ಮೋಟಾರ್ಸ್ ಜೊತೆ ಟೊಯೋಟಾ ಇತ್ತು. ಹೊಸ ಸಂಸ್ಥೆಯ ಹೆಸರು ನುಮ್ಮಿ. ದಿನನಿತ್ಯದ ಆಡಳಿತ ಟೊಯೋಟಾ ಕೈಯಲ್ಲಿ. ಯೂನಿಯನ್ ಮಾತ್ರ ಹಳೆಯದೇ. ಅಷ್ಟೇ ಅಲ್ಲ, ಶುರುವಿನಲ್ಲಿ ಸೇರಿಸಿಕೊಂಡವರಲ್ಲಿ ಸುಮಾರು 85 ಶೇಕಡಾ ಜನ ಆ ಹಳೇ ‘ಸರಿ ಇಲ್ಲದ’ ಕಾರ್ಮಿಕರೇ. ನೂರಾರು ಜನರನ್ನು ತರಬೇತಿಗೆ ಜಪಾನಿಗೆ ಕಳುಹಿಸಿದರು. ವಾಪಸ್ ಬಂದವರಿಗೆ ಅಸೆಂಬ್ಲಿ ಲೈನಿನ ಪಕ್ಕ ಒಂದು ಹಗ್ಗ ಕಾಣಿಸಿತು. ಏನಾದರೂ ತಪ್ಪು ಕಂಡರೆ ಯಾವ ಕಾರ್ಮಿಕ ಬೇಕಾದರೂ ಅದನ್ನು ಎಳೆಯಬಹುದು. ಟೀಮ್ ಲೀಡರ್ ಓಡಿ ಬರುತ್ತಾನೆ. ಸರಿಯಾಗದಿದ್ದರೆ ಲೈನ್ ನಿಲ್ಲುತ್ತದೆ. ಹಳೇ ಕಾಲದಲ್ಲಿ ಏನೇ ಆದರೂ ಲೈನ್ ನಿಲ್ಲಿಸಬಾರದು ಅನ್ನುವುದೇ ದೊಡ್ಡ ನಿಯಮವಾಗಿತ್ತು. ತಪ್ಪು ಜೋಡಿಸಿದ ಕಾರು ಹಾಗೇ ಮುಂದೆ ಹೋಗಬೇಕು, ಕೊನೆಗೆ ಅಂಗಳದಲ್ಲಿ ನಿಲ್ಲಿಸಿಕೊಂಡು ರಿಪೇರಿ ಮಾಡಬೇಕು. ಈಗ ಹಗ್ಗ ಎಳೆದವನನ್ನು ಯಾರೂ ಬೈಯಲಿಲ್ಲ. ‘ಏನಾಯ್ತು, ಹೇಗೆ ಸರಿಮಾಡೋಣ’ ಅಂತ ಕೇಳಿದರು.

ಸ್ವಲ್ಪ ಕಾಲದಲ್ಲೇ ಗೈರುಹಾಜರಿ ಶೇಕಡಾ ಮೂರು-ನಾಲ್ಕಕ್ಕೆ ಇಳಿಯಿತು. ಅಲ್ಲಿಂದ ಹೊರಬಂದ ಕಾರುಗಳು ಗುಣಮಟ್ಟದಲ್ಲಿ ಜಪಾನಿನಲ್ಲೇ ತಯಾರಾದ ಟೊಯೋಟಾಗಳಿಗೆ ಹತ್ತಿರ ಹತ್ತಿರ ಇದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಆದದ್ದು ಉಲ್ಟಾ: ನೆಲ ನಿಜವಾಗಿಯೂ ಡೊಂಕಿತ್ತು, ಬೈಸಿಕೊಂಡವರು ಮಾತ್ರ ಕುಣಿಯುವವರು. ಇನ್ನೊಂದು ಮಾತು ಸೇರಿಸಬೇಕು. ಇಷ್ಟೆಲ್ಲ ಕಣ್ಣೆದುರೇ ನಡೆದರೂ ಜನರಲ್ ಮೋಟಾರ್ಸ್ ತನ್ನ ಬೇರೆ ಕಾರ್ಖಾನೆಗಳಿಗೆ ಅದನ್ನು ಒಯ್ಯಲು ವರ್ಷಗಟ್ಟಲೆ ಒದ್ದಾಡಿತು. ಹಗ್ಗ ಕಟ್ಟುವುದು ಸುಲಭ. ಎಳೆದವನ ಮೇಲೆ ಸಿಟ್ಟು ಮಾಡಿಕೊಳ್ಳದೆ ಇರುವುದು ಕಷ್ಟ.

ಹೊಸಬರನ್ನು ಆರಿಸುವವರಿಗೆ ಇದರಿಂದ ಏನು ಸಿಗುತ್ತದೆ? ಒಂದೇ ಹುದ್ದೆಗೆ ಮೇಲಿಂದ ಮೇಲೆ ಜನ ಬಂದು ಹೋಗುತ್ತಿದ್ದರೆ, ಮುಂದಿನವರ ಸ್ವಭಾವ ಪರೀಕ್ಷಿಸುವ ಮೊದಲು ಆ ಹುದ್ದೆಯ ಮೇಲೆ ಕೂತಿರುವ ಬಾಸ್ ಯಾರು ಅಂತ ನೋಡಬೇಕು. ‘ಈ ಕಾಲದ ಹುಡುಗರಿಗೆ ತಾಳ್ಮೆ ಇಲ್ಲ’ ಅನ್ನುವುದು ಬಹಳ ಸುಲಭದ ವಿವರಣೆ. ಸಂಬಳ ಸಾಲದೆ ಹೋದರು ಅನ್ನುವುದು ಎರಡನೇ ಸುಲಭದ ವಿವರಣೆ. 2021ರಲ್ಲಿ ಅಮೆರಿಕದಲ್ಲಿ ಜನ ಗುಂಪುಗುಂಪಾಗಿ ಕೆಲಸ ಬಿಟ್ಟಾಗ ಡೊನಾಲ್ಡ್ ಸಲ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು ಲಕ್ಷಾಂತರ ನೌಕರರ ಮಾಹಿತಿ ಕಲೆಹಾಕಿ ನೋಡಿದರು. 2022ರ ಜನವರಿಯಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಯಾವ ಕಂಪನಿಯಿಂದ ಜನ ಜಾಸ್ತಿ ಹೋಗುತ್ತಾರೆ ಅನ್ನುವುದನ್ನು ಊಹಿಸಲು ಸಂಬಳಕ್ಕಿಂತ ಕೆಟ್ಟ ವಾತಾವರಣ 10 ಪಟ್ಟು ಬಲವಾದ ಸುಳಿವು. ಕೆಟ್ಟ ವಾತಾವರಣ ಅಂದರೆ ಅಲ್ಲಿ ಬೇರೇನೂ ಅಲ್ಲ. ಮರ್ಯಾದೆ ಇಲ್ಲದ ನಡವಳಿಕೆ, ಕೆಲವರನ್ನು ಹೊರಗಿಡುವುದು, ಅಪ್ರಾಮಾಣಿಕತೆ.

ಹಾಗಾದರೆ ನಮ್ಮ ಕಲ್ಚರ್ ಏನು ಅಂತ ತಿಳಿಯುವುದು ಹೇಗೆ? ರಿಸೆಪ್ಶನ್‌ನ ಗೋಡೆ ನೋಡಿದರೆ ಗೊತ್ತಾಗುವುದಿಲ್ಲ. ಅಮೆರಿಕದ ಎನ್‌ರಾನ್ ಅನ್ನುವ ಇಂಧನ ಕಂಪನಿಯ ಘೋಷಿತ ಮೌಲ್ಯಗಳು ನಾಲ್ಕು: ಗೌರವ, ಪ್ರಾಮಾಣಿಕತೆ, ಸಂವಹನ, ಉತ್ಕೃಷ್ಟತೆ. 2001ರ ಡಿಸೆಂಬರ್‌ನಲ್ಲಿ ಆ ಕಂಪನಿ ಲೆಕ್ಕಪತ್ರದ ಮೋಸದಲ್ಲಿ ಮುಳುಗಿ ದಿವಾಳಿಯಾಯಿತು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಅಲ್ಲಿನದೇ ವೆಲ್ಸ್ ಫಾರ್ಗೋ ಬ್ಯಾಂಕಿನ ಕಾಗದಗಳಲ್ಲೂ ನೀತಿಯ ಮಾತು ಬೇಕಾದಷ್ಟಿತ್ತು. ಆದರೆ ಪ್ರತಿ ಗ್ರಾಹಕರಿಗೆ ಖಾತೆ, ಕಾರ್ಡು ಅಂತ ಎಂಟನ್ನು ಅಂಟಿಸಬೇಕು ಅನ್ನುವ ಗುರಿ ಶಾಖೆಗಳ ತಲೆ ಮೇಲೆ ಕೂತಿತ್ತು. ಗುರಿ ಮುಟ್ಟಲು ನೌಕರರು ಗ್ರಾಹಕರಿಗೆ ಗೊತ್ತಿಲ್ಲದೆ ಖಾತೆ ತೆರೆದರು. 2016ರಲ್ಲಿ ಪ್ರಕರಣ ಬಯಲಾದಾಗ ದಂಡ 18.5 ಕೋಟಿ ಡಾಲರ್, ಅಷ್ಟರಲ್ಲಿ ಕೆಲಸ ಕಳೆದುಕೊಂಡಿದ್ದವರು ಸುಮಾರು 5,300 ಜನ. ಅವರೆಲ್ಲ ಕಳ್ಳತನದ ಆಸೆಯಿಂದ ಬ್ಯಾಂಕಿಗೆ ಅರ್ಜಿ ಹಾಕಿದವರಾ? ನನಗೆ ನಂಬಿಕೆ ಬರುವುದಿಲ್ಲ. ಬಹಳ ಜನ ಅಲ್ಲಿಗೆ ಬಂದ ಮೇಲೆ ಅಲ್ಲಿನ ದಾರಿ ಕಲಿತರು. ಅಂದರೆ ಕಲ್ಚರ್‌ಗೆ ಚೆನ್ನಾಗಿಯೇ ‘ಹೊಂದಿಕೊಂಡರು’.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಎಡ್ಗರ್ ಶೈನ್ 1985ರಲ್ಲಿ ಈ ವಿಷಯವನ್ನು ಮೂರು ಪದರ ಮಾಡಿ ತೋರಿಸಿದರು. ಮೇಲಿನ ಪದರ ಕಣ್ಣಿಗೆ ಕಾಣುವುದು: ಕಟ್ಟಡ, ಬಟ್ಟೆ, ಕೂರುವ ವ್ಯವಸ್ಥೆ. ಅದರ ಕೆಳಗೆ ಬಾಯಲ್ಲಿ ಹೇಳಿಕೊಳ್ಳುವ ಮೌಲ್ಯಗಳು. ಅತಿ ಕೆಳಗೆ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರೂ ಅದರಂತೆಯೇ ನಡೆಯುವ ನಂಬಿಕೆಗಳು. ‘ಬಾಸ್ ಹೋಗುವ ತನಕ ಏಳಬಾರದು.’ ‘ಕೆಟ್ಟ ಸುದ್ದಿ ತಂದವನೇ ಕೆಟ್ಟವನು.’ ‘ಮೀಟಿಂಗ್‌ನಲ್ಲಿ ಹೂಂ ಅನ್ನು, ಆಮೇಲೆ ನಿನಗೆ ಬೇಕಾದ ಹಾಗೆ ಮಾಡು.’ ಹೊಸಬರು ಬಂದು ಬೀಳುವುದು ಈ ಮೂರನೇ ಪದರದ ಮೇಲೆ. ಇಂಟರ್‌ವ್ಯೂನಲ್ಲಿ ನೀವು ತೋರಿಸುವುದು ಮೊದಲಿನ ಎರಡು.

ಮೂರನೇ ಪದರ ತಿಳಿಯಲು ಕನ್ಸಲ್ಟೆಂಟ್‌ಗಳು ಬೇಕಿಲ್ಲ ಅನ್ನುವುದು ನನ್ನ ಅನಿಸಿಕೆ. ನೆಟ್‌ಫ್ಲಿಕ್ಸ್ 2009ರಲ್ಲಿ ಹೊರಗೆ ಬಿಟ್ಟ ಕಲ್ಚರ್ ಕುರಿತ ಸ್ಲೈಡುಗಳಲ್ಲಿ ಒಂದು ಒಳ್ಳೆ ಮಾತಿದೆ: ಯಾರಿಗೆ ಬಹುಮಾನ, ಯಾರಿಗೆ ಬಡ್ತಿ, ಯಾರಿಗೆ ಗೇಟ್‌ಪಾಸ್ ಅನ್ನುವುದರಲ್ಲೇ ಕಂಪನಿಯ ನಿಜವಾದ ಮೌಲ್ಯ ಕಾಣುತ್ತದೆ. ಆ ಕಂಪನಿಯ ಉಳಿದ ರೀತಿನೀತಿಗಳಲ್ಲಿ ಹಲವು ನನಗೆ ಒಪ್ಪಿಗೆಯಿಲ್ಲ, ಆದರೆ ಈ ಮಾತು ಸರಿ. ಹಾಗಾಗಿ ಮುಂದಿನ ಜಾಹೀರಾತು ಕೊಡುವ ಮೊದಲು ನಾಲ್ಕು ಜನ ಕೂತು ಕೆಲವು ಪ್ರಶ್ನೆ ಕೇಳಿಕೊಳ್ಳಿ. ಹೋದ ಸಲ ಬಡ್ತಿ ಸಿಕ್ಕಿದ್ದು ಯಾರಿಗೆ, ಅವರು ಸಹೋದ್ಯೋಗಿಗಳ ಜೊತೆ ಹೇಗೆ ನಡೆದುಕೊಳ್ಳುತ್ತಾರೆ? ಪ್ರಾಜೆಕ್ಟ್ ಹಾಳಾಗುತ್ತಿದೆ ಅಂತ ಮೊದಲು ಹೇಳಿದವರಿಗೆ ಏನಾಯಿತು? ಕೂಗಾಡುವ ಆದರೆ ಟಾರ್ಗೆಟ್ ಮುಟ್ಟಿಸುವ ಮ್ಯಾನೇಜರ್ ಇದ್ದಾರಾ, ಇದ್ದರೆ ಅವರಿಗೆ ಯಾರಾದರೂ ಏನಾದರೂ ಹೇಳಿದ್ದಾರಾ? ರಜೆಯ ದಿನ ಬಂದ ಫೋನ್ ಎತ್ತದಿದ್ದರೆ ಅಪ್ರೈಸಲ್‌ನಲ್ಲಿ ಅದು ಬರುತ್ತದಾ? ಹೆರಿಗೆ ರಜೆ ಮುಗಿಸಿ ಬಂದವರ ಹಳೇ ಜವಾಬ್ದಾರಿ ಅವರಿಗೇ ವಾಪಸ್ ಸಿಕ್ಕಿತಾ? ಈ ಉತ್ತರಗಳೇ ನಿಮ್ಮ ಕಲ್ಚರ್. ಚೆನ್ನಾಗಿಲ್ಲದಿರಬಹುದು. ಆದರೂ ಅದೇ.

ಉತ್ತರ ಹೇಳುವ ನಾಲ್ಕು ಜನರಲ್ಲಿ ಎಲ್ಲರೂ ಮೇಲಿನವರೇ ಆಗಿದ್ದರೆ ಈ ಕಸರತ್ತು ದಂಡ. ಸೇರಿ ಆರು ತಿಂಗಳಾದ ಒಬ್ಬರು, ನೋಟಿಸ್ ಪೀರಿಯಡ್‌ನಲ್ಲಿರುವ ಒಬ್ಬರು ಇರಲಿ. ನೋಟಿಸ್ ಕೊಟ್ಟವರಷ್ಟು ನಿಜ ಮಾತಾಡುವವರು ಕಂಪನಿಯಲ್ಲಿ ಬೇರೆ ಯಾರೂ ಸಿಗುವುದಿಲ್ಲ. ಕೆಲಸ ಬಿಡುವಾಗ ಯಾಕೆ ಅಂತ ಕೇಳಿ ಬರೆದುಕೊಂಡ ಅವರ ಎಕ್ಸಿಟ್ ಇಂಟರ್‌ವ್ಯೂ ಮಾತ್ರ ಯಾವುದೋ ಫೋಲ್ಡರ್‌ನಲ್ಲಿ ಬಿದ್ದಿರುತ್ತದೆ. ಅದೇ ಖಾಲಿ ಜಾಗಕ್ಕೆ ಜನ ಹುಡುಕುವವರು ಅದನ್ನು ತೆರೆದೂ ನೋಡುವುದಿಲ್ಲ. ಇದು ನನಗೆ ಇವತ್ತಿಗೂ ಅರ್ಥವಾಗದ ವಿಚಿತ್ರ.

ಇನ್ನು ‘ಹೊಂದಲ್ಲ’ ಅನ್ನುವ ಆ ಪದಕ್ಕೆ ಬರೋಣ. ಲಾರೆನ್ ರಿವೆರಾ ಅನ್ನುವ ಸಮಾಜಶಾಸ್ತ್ರಜ್ಞೆ ಅಮೆರಿಕದ ದೊಡ್ಡ ವಕೀಲಿ ಸಂಸ್ಥೆ, ಹೂಡಿಕೆ ಬ್ಯಾಂಕು ಮತ್ತು ಕನ್ಸಲ್ಟಿಂಗ್ ಕಂಪನಿಗಳಲ್ಲಿ ಜನರನ್ನು ಆರಿಸುವ 120 ಮಂದಿಯ ಜೊತೆ ಮಾತಾಡಿ 2012ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಆರಿಸುವವರು ನೋಡುತ್ತಿದ್ದದ್ದು ಏನನ್ನು? ಬಿಡುವಿನಲ್ಲಿ ಯಾವ ಆಟ ಆಡುತ್ತಾರೆ, ಎಲ್ಲಿಗೆ ಪ್ರವಾಸ ಹೋಗುತ್ತಾರೆ, ಮಾತಿನ ಧಾಟಿ ಹೇಗಿದೆ, ತಮ್ಮಂತೆಯೇ ಬೆಳೆದವರಾ ಅನ್ನುವುದನ್ನು. ಬರೀ ಕೆಲಸಗಾರರನ್ನು ಹುಡುಕುತ್ತಿರಲಿಲ್ಲ, ಹರಟೆಗೆ ಗೆಳೆಯರನ್ನೂ ಹುಡುಕುತ್ತಿದ್ದರು. ಎಷ್ಟೋ ಸಲ ಕೆಲಸದ ಕೌಶಲಕ್ಕಿಂತ ಆ ಸಾಮ್ಯವೇ ಭಾರವಾಗಿತ್ತು. ಇದನ್ನು ಕಲ್ಚರ್ ಅನ್ನಬೇಡಿ. ಇದು ರುಚಿ. ನಿಮ್ಮ ರುಚಿ ನಿಮ್ಮದು, ಅದಕ್ಕೆ ಇನ್ನೊಬ್ಬರ ಕೆಲಸ ಬಲಿಯಾಗಬಾರದು, ಅಲ್ವಾ?

ಈ ರುಚಿಯಿಂದ ಬಾಗಿಲಾಚೆ ಉಳಿಯುವವರು ಯಾರು ಅಂತ ಊಹಿಸುವುದು ಕಷ್ಟವಲ್ಲ. ಮನೆಯಲ್ಲಿ ಮೊದಲ ಸಲ ಆಫೀಸು ಕೆಲಸ ನೋಡುತ್ತಿರುವವರು. ಬೇರೆ ನುಡಿಯಲ್ಲಿ ಓದಿ ಬಂದವರು. ವಯಸ್ಸಾದವರು. ಮಕ್ಕಳನ್ನು ನೋಡಿಕೊಳ್ಳಬೇಕಾದ್ದರಿಂದ ಸಂಜೆಯ ಪಾರ್ಟಿಗೆ ನಿಲ್ಲದವರು. ನಾಚಿಕೆ ಸ್ವಭಾವದವರು. ಹೆಸರು ಕೇಳಿಯೇ ಹೊರಗಿಡುವುದೂ ಇದೆ. 2004ರಲ್ಲಿ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲೈನಾಥನ್ ಅನ್ನುವ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಮೆರಿಕದ ಪ್ರಯೋಗದಲ್ಲಿ ಒಂದೇ ತರಹದ ರೆಸ್ಯೂಮೆಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳುಹಿಸಿದ್ದರು. ಬಿಳಿಯರದ್ದು ಅನ್ನಿಸುವ ಹೆಸರಿಗೆ ಕಪ್ಪುಜನರದ್ದು ಅನ್ನಿಸುವ ಹೆಸರಿಗಿಂತ ಶೇಕಡಾ 50ರಷ್ಟು ಜಾಸ್ತಿ ಕರೆ ಬಂತು. ಅಲ್ಲಿ ಇಂಟರ್‌ವ್ಯೂ ಕೂಡ ಆಗಿರಲಿಲ್ಲ. ಇಂಥ ಒಲವಿಗೆ ಫಾರ್ಮಿನಲ್ಲೇ ಕಾರಣ ಕೇಳದ ಒಂದು ಕಾಲಂ ಮಾಡಿಕೊಟ್ಟರೆ ಅದು ಅಲ್ಲಿ ಆರಾಮಾಗಿ ಕಾಲುಚಾಚಿ ಮಲಗುತ್ತದೆ.

ಬರೀ ನ್ಯಾಯದ ಪ್ರಶ್ನೆಯೂ ಅಲ್ಲ ಇದು. ಬೆಂಜಮಿನ್ ಶ್ನೈಡರ್ ಅನ್ನುವ ಮನಶ್ಶಾಸ್ತ್ರಜ್ಞರು 1987ರಲ್ಲೇ ಇದರ ಲಾಭನಷ್ಟ ಬರೆದಿಟ್ಟಿದ್ದಾರೆ. ಒಂದು ಸಂಸ್ಥೆಯತ್ತ ಒಂದೇ ತರಹದ ಜನ ಬರುತ್ತಾರೆ, ಅವರಲ್ಲೂ ತಮ್ಮಂಥವರನ್ನೇ ಸಂಸ್ಥೆ ಆರಿಸಿಕೊಳ್ಳುತ್ತದೆ, ಹೊಂದದೆ ಉಳಿದ ಕೆಲವರು ತಾವಾಗಿಯೇ ಬಿಟ್ಟುಹೋಗುತ್ತಾರೆ. ಹೀಗೆ ವರ್ಷ ಕಳೆದಂತೆ ಒಳಗಿರುವವರೆಲ್ಲ ಒಂದೇ ಅಚ್ಚು. ಕೆಲಸ ಸಲೀಸು, ಜಗಳ ಕಡಿಮೆ, ಎಲ್ಲರಿಗೂ ಖುಷಿ. ಹೊರಗಿನ ಪ್ರಪಂಚ ಬದಲಾದಾಗ ಮಾತ್ರ ಅದನ್ನು ಗಮನಿಸುವ ಕಣ್ಣು ಒಳಗೆ ಒಂದೂ ಇರುವುದಿಲ್ಲ. ಬರೀ ನೌಕರರ ರೆಫರಲ್‌ನಿಂದಲೇ ಜಾಗ ತುಂಬುವವರು ಇದನ್ನು ಸ್ವಲ್ಪ ಯೋಚಿಸಿ. ಪರಿಚಯದವರು ಬೇಗ ಸಿಗುತ್ತಾರೆ, ಸರಿ. ಆದರೆ ಪರಿಚಯದವರ ಪರಿಚಯ ಎಷ್ಟು ದೂರ ಹೋದೀತು?

ಹಾಗಂತ ಎಲ್ಲರನ್ನೂ ತಂದುಕೊಳ್ಳಿ ಅನ್ನುತ್ತಿಲ್ಲ. ನೋಡಬೇಕಾದದ್ದು ನಡವಳಿಕೆ. ನಿಮ್ಮ ಕೆಲಸಕ್ಕೆ ನಿಜವಾಗಿ ಬೇಕಾದ ಮೂರೋ ನಾಲ್ಕೋ ನಡವಳಿಕೆಗಳನ್ನು ಮೊದಲೇ ಬರೆದುಕೊಳ್ಳಿ. ತಪ್ಪಾದರೆ ಮುಚ್ಚಿಡದೆ ಹೇಳುವುದು. ಬೇರೆಯವರ ಕೆಲಸದ ಶ್ರೇಯ ಅವರಿಗೇ ಕೊಡುವುದು. ಒಪ್ಪದಿದ್ದರೆ ಮೀಟಿಂಗ್‌ನಲ್ಲೇ ಹೇಳಿ, ತೀರ್ಮಾನವಾದ ಮೇಲೆ ಅದರಂತೆ ನಡೆಯುವುದು. ಕೆಳಗಿನವರ ಜೊತೆಯೂ ಮೇಲಿನವರ ಜೊತೆ ಮಾತಾಡುವ ಹಾಗೇ ಮಾತಾಡುವುದು. ಆಮೇಲೆ ಪ್ರತಿಯೊಬ್ಬ ಅಭ್ಯರ್ಥಿಗೂ ಅವೇ ಪ್ರಶ್ನೆ ಕೇಳಿ. ‘ನಿಮ್ಮ ಬಾಸ್ ತೆಗೆದುಕೊಂಡ ತೀರ್ಮಾನ ತಪ್ಪು ಅನ್ನಿಸಿದ ಒಂದು ಸಂದರ್ಭ ಹೇಳಿ. ಆಗ ನೀವು ಏನು ಮಾಡಿದಿರಿ, ಆಮೇಲೆ ಏನಾಯಿತು?’ ಉತ್ತರ ಬಂದಾಗ ಅಲ್ಲಿಗೇ ಬಿಡಬೇಡಿ. ಯಾರು ಏನಂದರು, ಆಮೇಲೆ ಅವರ ಜೊತೆ ಸಂಬಂಧ ಹೇಗಿತ್ತು ಅಂತ ಕೆದಕಿ. ಕಟ್ಟಿದ ಕಥೆ ಎರಡನೇ ಪ್ರಶ್ನೆಗೆ ತಡವರಿಸುತ್ತದೆ. ಪ್ಯಾನೆಲ್‌ನವರು ಒಬ್ಬರನ್ನೊಬ್ಬರು ಕೇಳುವ ಮುನ್ನ ಅವರವರ ಅಂಕ ಅವರವರೇ ಬರೆದಿಡಲಿ. ಹಿರಿಯರು ಮೊದಲು ಬಾಯಿಬಿಟ್ಟರೆ ಉಳಿದವರ ಅಂಕವೂ ಅದೇ ಆಗುತ್ತದೆ.

ಇದು ನನ್ನ ಖಯಾಲಿ ಅಲ್ಲ. ಯಾವ ಆಯ್ಕೆ ವಿಧಾನ ಮುಂದಿನ ಕೆಲಸವನ್ನು ಸರಿಯಾಗಿ ಊಹಿಸುತ್ತದೆ ಅನ್ನುವುದರ ಬಗ್ಗೆ ದಶಕಗಳ ಸಂಶೋಧನೆ ಇದೆ. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು ಹಳೇ ಲೆಕ್ಕಗಳನ್ನೆಲ್ಲ ತಿದ್ದಿ ಮತ್ತೆ ಹಾಕಿದಾಗ ಪಟ್ಟಿಯ ಮೇಲೆ ಬಂದದ್ದು ಹೀಗೆ ಪ್ರಶ್ನೆ, ಅಂಕ ಎರಡನ್ನೂ ಮೊದಲೇ ನಿಗದಿ ಮಾಡಿಕೊಂಡು ನಡೆಸುವ ಇಂಟರ್‌ವ್ಯೂ. ‘ಅರ್ಧ ಗಂಟೆ ಮಾತಾಡಿದರೆ ಸಾಕು, ನನಗೆ ಮನುಷ್ಯ ಗೊತ್ತಾಗಿಬಿಡುತ್ತಾನೆ’ ಅನ್ನುವವರಿಗೆ ಇದು ರುಚಿಸುವುದಿಲ್ಲ. ಆ ಮಾತು ಹೇಳುವವರನ್ನು ನಾನು ಬಹಳ ನೋಡಿದ್ದೇನೆ. ತಾವು ಬೇಡ ಅಂದವರು ಬೇರೆ ಕಡೆ ಹೋಗಿ ಏನಾದರು ಅಂತ ಅವರು ಯಾವತ್ತೂ ವಿಚಾರಿಸಿದ್ದು ಕಾಣೆ.

ಇಷ್ಟು ಹೊತ್ತು ನೀವು ಅವರನ್ನು ಆರಿಸುವ ಮಾತಾಯಿತು. ಅವರೂ ನಿಮ್ಮನ್ನು ಆರಿಸುತ್ತಿದ್ದಾರೆ. ಆದರೆ ಅವರಿಗೆ ಸಿಗುವ ಮಾಹಿತಿ ಎಷ್ಟು? ಜಾಹೀರಾತಿನಲ್ಲಿ ‘ಉತ್ಸಾಹಭರಿತ ವಾತಾವರಣ’ ಅಂತಿರುತ್ತದೆ. ‘ನಾವೆಲ್ಲ ಒಂದೇ ಫ್ಯಾಮಿಲಿ’ ಅಂತಿರುತ್ತದೆ. (ಈ ಫ್ಯಾಮಿಲಿ ಮಾತು ಕೇಳಿದರೆ ನನಗೆ ಸಣ್ಣ ಅನುಮಾನ. ಫ್ಯಾಮಿಲಿಯಲ್ಲಿ ಓವರ್‌ಟೈಮ್ ಕೇಳುವ ಹಾಗಿಲ್ಲ, ಖರ್ಚು ಕಡಿಮೆ ಮಾಡಲು ಯಾರನ್ನೂ ತೆಗೆಯುವ ಹಾಗೂ ಇಲ್ಲ. ಎರಡನೆಯದನ್ನು ಮಾತ್ರ ಸಲೀಸಾಗಿ ಮರೆಯುತ್ತಾರೆ.) ತಿಂಗಳ ಕೊನೇ ವಾರ ರಾತ್ರಿ ಹತ್ತರವರೆಗೂ ಕೂರಬೇಕಾಗುತ್ತದೆ ಅನ್ನುವುದು ಸೇರಿದ ಮೇಲೆ ತಿಳಿಯುತ್ತದೆ.

1970ರ ದಶಕದಿಂದಲೂ ಜಾನ್ ವಾನಸ್ ಅನ್ನುವ ಸಂಶೋಧಕರು ಹೇಳುತ್ತಾ ಬಂದದ್ದು ಇದನ್ನೇ. ಕೆಲಸದ ಒಳ್ಳೆಯದು ಕೆಟ್ಟದ್ದು ಎರಡನ್ನೂ ಸೇರುವ ಮುಂಚೆಯೇ ತೋರಿಸಿಬಿಡಿ. ಆಗ ಕೆಲವರು ಬೇಡ ಅನ್ನುತ್ತಾರೆ, ಒಳ್ಳೆಯದೇ ಆಯಿತು. ಉಳಿದವರು ತಿಳಿದೇ ಬಂದಿರುತ್ತಾರೆ. ಪವಾಡವೇನೂ ನಡೆಯುವುದಿಲ್ಲ. ಬಿಟ್ಟುಹೋಗುವವರ ಪ್ರಮಾಣ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಆದರೆ ಖರ್ಚು ಎಷ್ಟು? ನಿಜ ಹೇಳುವುದಕ್ಕೆ ಖರ್ಚಿಲ್ಲ. ಝಾಪೋಸ್ ಅನ್ನುವ ಚಪ್ಪಲಿ-ಶೂ ಮಾರುವ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ತರಬೇತಿಯಲ್ಲಿದ್ದ ಹೊಸಬರಿಗೆ ‘ಇದು ನಿಮಗೆ ಸರಿಹೋಗಲ್ಲ ಅನ್ನಿಸಿದರೆ ಈಗಲೇ ಬಿಡಿ, ನಾವೇ ದುಡ್ಡು ಕೊಡುತ್ತೇವೆ’ ಅನ್ನುತ್ತಿತ್ತು. ಮೊತ್ತ ಮುಂದೆ 2,000 ಡಾಲರ್‌ವರೆಗೂ ಏರಿತು. ತೆಗೆದುಕೊಂಡು ಹೋದವರು ಬಹಳ ಕಡಿಮೆ. ನೀವು ದುಡ್ಡು ಕೊಡಬೇಕಿಲ್ಲ. ಅಭ್ಯರ್ಥಿಯನ್ನು ಮುಂದೆ ಅವರ ಪಕ್ಕ ಕೂರುವ ಒಬ್ಬರ ಜೊತೆ ಅರ್ಧ ಗಂಟೆ ಬಿಡಿ. ಎಚ್‌ಆರ್ ಇಲ್ಲದೆ, ಮ್ಯಾನೇಜರ್ ಇಲ್ಲದೆ. ಹಾಗೆ ಬಿಡಲು ಹೆದರಿಕೆಯಾದರೆ ಆ ಹೆದರಿಕೆ ಯಾವುದರದ್ದು ಅಂತ ನೀವೇ ಕೇಳಿಕೊಳ್ಳಿ.

ಕೆಲಸ ಹುಡುಕುತ್ತಿರುವವರೂ ಇದನ್ನು ಓದುತ್ತಿದ್ದರೆ, ನಿಮಗೆ ಎರಡೇ ಮಾತು. ‘ಪ್ರಶ್ನೆ ಏನಾದರೂ ಇದೆಯಾ?’ ಅಂದಾಗ ‘ಇಲ್ಲ ಸರ್’ ಅನ್ನಬೇಡಿ. ಈ ಹುದ್ದೆ ಯಾಕೆ ಖಾಲಿಯಾಯಿತು, ಹಿಂದೆ ಇದ್ದವರು ಈಗ ಎಲ್ಲಿದ್ದಾರೆ ಅಂತ ಕೇಳಿ. ಅವರು ಹೇಳುವ ಉತ್ತರಕ್ಕಿಂತ, ಉತ್ತರಿಸುವ ಮುಂಚೆ ಒಬ್ಬರ ಮುಖ ಒಬ್ಬರು ನೋಡುತ್ತಾರಾ ಅಂತ ಗಮನಿಸಿ.

ಆಯ್ಕೆ ಮುಗಿದರೆ ಕಲ್ಚರ್ ಕೆಲಸ ಮುಗಿಯಿತು ಅಂದುಕೊಳ್ಳುವುದೂ ಇದೆ. ಮೊದಲ ದಿನ ಒಂದು ಐಡಿ ಕಾರ್ಡ್, ಒಂದು ಲ್ಯಾಪ್‌ಟಾಪ್, ಕಂಪನಿಯ ಇತಿಹಾಸದ ಉದ್ದನೆಯ ಪ್ರೆಸೆಂಟೇಶನ್. ಡ್ಯಾನಿಯಲ್ ಕೇಬಲ್, ಫ್ರಾಂಚೆಸ್ಕಾ ಜೀನೋ ಮತ್ತು ಬ್ರಾಡ್ಲಿ ಸ್ಟಾಟ್ಸ್ ವಿಪ್ರೋದ ಬಿಪಿಓ ವಿಭಾಗದಲ್ಲಿ ಇದರ ಮೇಲೇ ಒಂದು ಪ್ರಯೋಗ ಮಾಡಿ 2013ರಲ್ಲಿ ಪ್ರಕಟಿಸಿದರು. ಹೊಸಬರ ಒಂದು ಗುಂಪಿಗೆ ಮಾಮೂಲಿ ತರಬೇತಿ. ಇನ್ನೊಂದು ಗುಂಪಿಗೆ ಕಂಪನಿಯ ಹೆಮ್ಮೆಯ ಬಗ್ಗೆ ಹೆಚ್ಚಿನ ಒಂದು ಗಂಟೆ, ಕಂಪನಿಯ ಹೆಸರಿದ್ದ ಅಂಗಿ. ಮೂರನೇ ಗುಂಪಿಗೂ ಅದೇ ಒಂದು ಗಂಟೆ. ಆದರೆ ಅಲ್ಲಿ ಕೇಳಿದ್ದು ‘ನೀವು ಯಾವುದರಲ್ಲಿ ಗಟ್ಟಿ, ಅದನ್ನು ಈ ಕೆಲಸದಲ್ಲಿ ಹೇಗೆ ಬಳಸುತ್ತೀರಿ’ ಅಂತ. ಅವರ ಅಂಗಿ ಮೇಲೆ ಅವರದ್ದೇ ಹೆಸರು. ಆರು ತಿಂಗಳ ಬಳಿಕ ನೋಡಿದರೆ ಮೂರನೇ ಗುಂಪಿನವರು ಮಾಮೂಲಿ ತರಬೇತಿಯವರಿಗಿಂತ ಕಡಿಮೆ ಬಿಟ್ಟುಹೋಗಿದ್ದರು, ಅವರ ಗ್ರಾಹಕರಿಗೂ ಜಾಸ್ತಿ ಸಮಾಧಾನ ಇತ್ತು. ‘ನಮ್ಮಂತಾಗಿ’ ಅನ್ನುವುದಕ್ಕಿಂತ ‘ನೀವು ಯಾರು’ ಅಂತ ಕೇಳುವುದರಿಂದ ಜನ ಉಳಿಯುತ್ತಾರೆ. ಒಂದು ಗಂಟೆಯ ಕೆಲಸ.

ಹೊಸಬರು ಇನ್ನೊಂದು ಉಪಕಾರ ಮಾಡುತ್ತಾರೆ. ಮೊದಲ ಕೆಲವು ವಾರ ಅವರಿಗೆ ನಿಮ್ಮ ಮೂರನೇ ಪದರ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತಿರುತ್ತದೆ. ‘ಇದನ್ನು ಯಾಕೆ ಹೀಗೆ ಮಾಡುತ್ತೀರಿ?’ ಅಂತ ಕೇಳುತ್ತಾರೆ. ನಾನು ಕೆಲಸ ಮಾಡಿದ ಒಂದು ಕಡೆ ಹೀಗೆ ಕೇಳಿದ ಹುಡುಗಿಗೆ ‘ಮೊದಲು ಪ್ರೊಬೇಶನ್ ಮುಗಿಸಮ್ಮ’ ಅನ್ನುವ ಉತ್ತರ ಸಿಕ್ಕಿತು. ಎಲ್ಲರೂ ನಕ್ಕರು. ಆಮೇಲೆ ಅವಳು ಏನನ್ನೂ ಕೇಳಲಿಲ್ಲ, ಮತ್ತು ಅವಳ ರಿಪೋರ್ಟ್‌ನಲ್ಲಿ ‘ಟೀಮಿಗೆ ಚೆನ್ನಾಗಿ ಹೊಂದಿಕೊಂಡಿದ್ದಾರೆ’ ಅಂತ ಬಂತು. ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲೇ ಔಷಧಿಯ ತಪ್ಪು ಜಾಸ್ತಿ ದಾಖಲಾಗಿದ್ದವು. ಎಡ್ಮಂಡ್‌ಸನ್ ಅವರಿಗೇ ಆಶ್ಚರ್ಯ. ಕೆದಕಿ ನೋಡಿದರೆ ಅಲ್ಲಿ ತಪ್ಪು ಜಾಸ್ತಿ ನಡೆಯುತ್ತಿರಲಿಲ್ಲ, ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ. ಉಳಿದ ಕಡೆ ಮುಚ್ಚಿಡುತ್ತಿದ್ದರು. ಪ್ರೊಬೇಶನ್ನಿನ ಹೆಸರಲ್ಲಿ ಹೊಸಬರ ಬಾಯಿ ಮುಚ್ಚಿಸುವವರು ಈ ಮುಚ್ಚಿಡುವುದನ್ನೇ ಮೊದಲ ಪಾಠವಾಗಿ ಕಲಿಸುತ್ತಿರುತ್ತಾರೆ.

ಸಣ್ಣ ಸಂಸ್ಥೆಯವರು ‘ಇದೆಲ್ಲ ದೊಡ್ಡವರ ಆಟ, ನಮ್ಮಲ್ಲಿ ಇರುವುದೇ ಎಂಟು ಜನ’ ಅನ್ನಬಹುದು. ಎಂಟು ಜನರ ಕಡೆ ಇದು ಇನ್ನೂ ಜಾಸ್ತಿ ಮುಖ್ಯ. ಅಲ್ಲಿ ಬರುವ ಒಂಬತ್ತನೆಯವರು ಇಡೀ ವಾತಾವರಣದ ಒಂಬತ್ತನೇ ಒಂದು ಭಾಗ. ಪ್ರಶ್ನೆ ಬರೆದಿಟ್ಟುಕೊಳ್ಳುವುದಕ್ಕೆ ಎಚ್‌ಆರ್ ಡಿಪಾರ್ಟ್‌ಮೆಂಟ್ ಬೇಕಿಲ್ಲ, ಒಂದು ಹಾಳೆ ಸಾಕು.

ನಿಮ್ಮಿಂದ ನಾನು ಕೇಳುವುದು ಮುಂದಿನ ಒಂದು ನೇಮಕಾತಿಗೆ ಮಾತ್ರ. ಕಲ್ಚರ್ ಕಾಲಂನಲ್ಲಿ ‘ಇಲ್ಲ’ ಅಂತ ಬರೆದವರು ಕೆಳಗೆ ಒಂದು ಸಾಲು ಬರೆಯಲಿ: ಯಾವ ನಡವಳಿಕೆ, ಅಭ್ಯರ್ಥಿಯ ಯಾವ ಮಾತಿನಿಂದ ಗೊತ್ತಾಯಿತು. ಆ ಸಾಲು ಬರೆಯಲು ಆಗದಿದ್ದರೆ ‘ಇಲ್ಲ’ವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಜಾಹೀರಾತಿನಲ್ಲಿ ಆ ಕೆಲಸದ ಅತಿ ಕಷ್ಟದ ಒಂದು ವಿಷಯ ಸೇರಿಸಿ. ಅದೇ ಹುದ್ದೆಯಿಂದ ಈ ಹಿಂದೆ ಹೋದವರ ಎಕ್ಸಿಟ್ ಇಂಟರ್‌ವ್ಯೂ ತೆರೆದು, ಪ್ಯಾನೆಲ್‌ನವರೆಲ್ಲ ಒಂದು ಸಲ ಓದಿ. ಅದರಲ್ಲಿ ಒಂದೇ ಮ್ಯಾನೇಜರ್ ಹೆಸರು ಮತ್ತೆ ಮತ್ತೆ ಬಂದರೆ ಜಾಹೀರಾತನ್ನು ಸ್ವಲ್ಪ ದಿನ ತಡೆದು, ಮೊದಲು ಅವರನ್ನು ಕೂರಿಸಿಕೊಂಡು ಮಾತಾಡಿ.

ಇಂತಿ,
ಇಂಟರ್‌ವ್ಯೂ ಮೇಜಿನ ಎರಡೂ ಬದಿ ಗೊತ್ತಿರುವ ಒಬ್ಬ ನೌಕರ